ಎಚ್-ಆಲ್ಫಾ ಗೆರೆಯಿಂದ ನಕ್ಷತ್ರದ ವೇಗ: ಲೆಕ್ಕ ತಪ್ಪುವುದೆಲ್ಲಿ?

ಪ್ರಶ್ನೆ: ನಕ್ಷತ್ರವೊಂದರ ರೋಹಿತದಲ್ಲಿ (ಬಣ್ಣಗಳಾಗಿ ಬಿಡಿಸಿದ ಬೆಳಕಿನಲ್ಲಿ) ಜಲಜನಕದ ಕೆಂಪು ಗೆರೆಯಾದ ಎಚ್-ಆಲ್ಫಾ 6563.5 ಆಂಗ್‌ಸ್ಟ್ರಾಮ್ ತರಂಗಾಂತರದಲ್ಲಿ ಸಿಕ್ಕಿದೆ. ಪ್ರಯೋಗಾಲಯದ ಬೆಲೆ 6562.8. ವೇಗ ಸೆಕೆಂಡಿಗೆ 32 ಕಿ.ಮೀ. ಬರುತ್ತಿದೆ, ನಕ್ಷತ್ರಗಳ ವೇಗದ ಪಟ್ಟಿಯಲ್ಲಿರುವುದು 12. ಎಡವಿದ್ದೆಲ್ಲಿ?

ಉತ್ತರ 1: ಗುಣಾಕಾರ ಸರಿಯಿದೆ. 0.7 ಅನ್ನು 6562.8ರಿಂದ ಭಾಗಿಸಿ, ಬೆಳಕಿನ ವೇಗ 2,99,792ರಿಂದ ಗುಣಿಸಿದರೆ 32 ಬಂದೇ ಬರುತ್ತದೆ. ಬಿಟ್ಟುಹೋಗಿರುವುದು ಭೂಮಿಯ ಓಟ. ಅದು ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿ.ಮೀ. ಸಾಗುತ್ತದೆ. ಆ ರಾತ್ರಿ ನಕ್ಷತ್ರದಿಂದ 20 ಕಿ.ಮೀ. ವೇಗದಲ್ಲಿ ದೂರ ಸರಿಯುತ್ತಿದ್ದರೆ ಅಷ್ಟನ್ನು ಕಳೆಯಬೇಕು. ದಿನಾಂಕ, ಸಮಯ, ನಕ್ಷತ್ರದ ಸ್ಥಾನ ಹಾಕಿ ಲೆಕ್ಕ ಮಾಡಿ. ಚಿಹ್ನೆ ಅದಲುಬದಲಾದರೆ 52 ಆಗುತ್ತದೆ, ಜೋಕೆ.

ಉತ್ತರ 2: ಗೆರೆಗಳ ಜಾಗ ಮೊದಲೇ ಗೊತ್ತಿರುವ ನಿಯಾನ್ ದೀಪದ ರೋಹಿತವನ್ನು ಎಕ್ಸ್‌ಪೋಷರ್‌ಗೆ ಮೊದಲೂ ಆಮೇಲೂ ತೆಗೆಯಿರಿ. ದೂರದರ್ಶಕ ವಾಲಿದಂತೆ ರೋಹಿತ ತೆಗೆಯುವ ಉಪಕರಣವಾದ ಸ್ಪೆಕ್ಟ್ರೋಗ್ರಾಫ್ ಕೂದಲೆಳೆಯಷ್ಟು ಬಾಗುತ್ತದೆ, ಪಿಕ್ಸೆಲ್‌ಗೆ 0.2 ಆಂಗ್‌ಸ್ಟ್ರಾಮ್ ಇದ್ದರೆ ಒಂದೇ ಪಿಕ್ಸೆಲ್ ಸರಿದರೂ 9 ಕಿ.ಮೀ. ತಪ್ಪು. ಎಚ್-ಆಲ್ಫಾದ ಅಕ್ಕಪಕ್ಕದಲ್ಲೇ ನೀರಾವಿಯ ಸಪೂರ ಗೆರೆಗಳಿರುತ್ತವೆ. ಅವು ನಮ್ಮ ವಾತಾವರಣದವು, ಕದಲಬಾರದು. ಕದಲಿದ್ದರೆ ದೋಷ ಉಪಕರಣದ್ದೇ.

ಉತ್ತರ 3: ನಿರ್ವಾತದಲ್ಲಿ ಇದೇ ಗೆರೆ 6564.6. ಗಾಳಿಯಲ್ಲಿನ ಬೆಲೆಯಾದ 6562.8ರೊಂದಿಗೆ ಅದನ್ನು ಬೆರೆಸಿದರೆ ಇಲ್ಲದ 82 ಕಿ.ಮೀ. ವೇಗ ಹುಟ್ಟಿಕೊಳ್ಳುತ್ತದೆ.