ಆಲ್ಫಾ ಕೋರ್ಸ್‌ಗೆ ನಂಬಿಕೆ ಇಲ್ಲದವರು ಹೋದರೆ ಏನು ಕೇಳಬೇಕು, ಹೇಗೆ ಕೇಳಬೇಕು?

ಸಂದೇಹಿ_ಬೆಂಗಳೂರು:
ಸಹೋದ್ಯೋಗಿಯೊಬ್ಬರು ಅವರ ಚರ್ಚ್‌ನ ಆಲ್ಫಾ ಗುಂಪಿಗೆ, ಅಂದರೆ ಕ್ರೈಸ್ತ ನಂಬಿಕೆಯನ್ನು ಪರಿಚಯಿಸುವ ಕೋರ್ಸ್‌ಗೆ, ಕರೆದಿದ್ದಾರೆ. ದೇವರ ಮೇಲೆ ನಂಬಿಕೆ ಇಲ್ಲ, ಹಾಗಂತ ಜಗಳ ಆಡೋಕೂ ಹೋಗ್ತಿಲ್ಲ. ಅಲ್ಲಿ ನಿಜಕ್ಕೂ ಏನು ನಡೆಯುತ್ತೆ, ಮೊದಲೇ ಏನು ಓದಿಕೊಂಡು ಹೋಗಬೇಕು, ಪ್ರಾರ್ಥನೆಗೆ ಎಳೆದರೆ ಏನು ಮಾಡೋದು? "ಮೊದಲು ನಂಬಿ, ಆಮೇಲೆ ತಾನಾಗಿ ಅರ್ಥವಾಗುತ್ತೆ" ಅನ್ನೋ ಉತ್ತರ ದಯವಿಟ್ಟು ಬೇಡ.

ಬಲ್ಮಠದವ:
ಆಲ್ಫಾ 1977ರಲ್ಲಿ ಲಂಡನ್ನಿನ ಹೋಲಿ ಟ್ರಿನಿಟಿ ಬ್ರಾಂಪ್ಟನ್ ಚರ್ಚ್‌ನಲ್ಲಿ ಶುರುವಾದಾಗ ಹೊಸ ವಿಶ್ವಾಸಿಗಳ ಪಾಠವಾಗಿತ್ತು. 1990ರಲ್ಲಿ ಅಲ್ಲಿನ ಪಾದ್ರಿ ನಿಕಿ ಗಂಬೆಲ್ ವಹಿಸಿಕೊಂಡ ಮೇಲೆ ಹೊರಗಿನವರ ಕಡೆ ತಿರುಗಿತು. ವಾರಕ್ಕೊಂದು ಸಂಜೆ, ಹತ್ತು-ಹನ್ನೊಂದು ವಾರ. ಮೊದಲು ಊಟ, ಆಮೇಲೆ ಅರ್ಧ ಗಂಟೆ ವಿಡಿಯೊ ಅಥವಾ ಭಾಷಣ, ಕೊನೆಗೆ ಹತ್ತು-ಹನ್ನೆರಡು ಜನ ಕೂತು ಮುಕ್ಕಾಲು ಗಂಟೆ ಮಾತು. ಶುಲ್ಕ ಇಲ್ಲ.

ಗುಂಪು ನಡೆಸುವವರಿಗೆ ತರಬೇತಿಯಲ್ಲಿ ಹೇಳಿಕೊಡೋದೇ ಉತ್ತರ ಕೊಡಬೇಡಿ, "ಉಳಿದವರಿಗೆ ಹೇಗನ್ನಿಸುತ್ತೆ?" ಅಂತ ಕೇಳಿ ಅಂತ. ಹೊಸಬರಿಗೆ ಇದು ನುಣುಚಿಕೊಂಡ ಹಾಗೆ ಕಾಣುತ್ತೆ. "ದೇವರಿದ್ದರೆ ಮಕ್ಕಳಿಗೆ ಕ್ಯಾನ್ಸರ್ ಯಾಕೆ?" ಅಂತ ಕೇಳಿದಿರೋ, ಒಬ್ಬೊಬ್ಬರೂ ತಮ್ಮ ಅನಿಸಿಕೆ ಹೇಳುವಷ್ಟರಲ್ಲಿ ಹೊತ್ತು ಮುಗಿದಿರುತ್ತೆ. ಪ್ರಶ್ನೆ ಒಳ್ಳೆಯದೇ, ಆ ಜಾಗಕ್ಕೆ ಅಳತೆ ಮೀರಿದ್ದು.

ವಾರಕ್ಕೊಂದೇ ಪ್ರಶ್ನೆ ಇಟ್ಟುಕೊಳ್ಳಿ, ಅದನ್ನು ಬೈಬಲ್ಲಿನ ಒಂದು ವಚನಕ್ಕೆ ಗಂಟು ಹಾಕಿ. ಉದಾಹರಣೆಗೆ, ಮತ್ತಾಯ 2ರಲ್ಲಿ ಯೇಸು ಹುಟ್ಟಿದಾಗ ಯೂದಾಯದ ರಾಜ ಹೆರೋದ ಇನ್ನೂ ಬದುಕಿದ್ದಾನೆ. ಅವನು ಸತ್ತದ್ದು ಕ್ರಿ.ಪೂ. 4ರಲ್ಲಿ ಅನ್ನೋದು ಹೆಚ್ಚಿನ ಇತಿಹಾಸಕಾರರ ಲೆಕ್ಕ. ಲೂಕ 2ರಲ್ಲಿ ಸಿರಿಯಾದ ರೋಮನ್ ಅಧಿಪತಿ ಕುರೇನ್ಯನ ಕಾಲದ ಖಾನೇಷುಮಾರಿಯ (ಜನಗಣತಿಯ) ಹೊತ್ತಿಗೆ ಹುಟ್ಟು. ಆ ಖಾನೇಷುಮಾರಿ ಕ್ರಿ.ಶ. 6ರದ್ದು. "ಈ ಒಂಬತ್ತು-ಹತ್ತು ವರ್ಷ ಎಲ್ಲಿ ಹೋಯ್ತು?" ಅಂತ ಕೇಳಿದರೆ ಎಲ್ಲರೂ ಪುಸ್ತಕ ತೆರೆಯಲೇಬೇಕು. ಹಿಂದೆ ಇನ್ನೊಂದು ಖಾನೇಷುಮಾರಿ ಇತ್ತು ಅಂತ ಒಬ್ಬರು ಹೇಳಿಯಾರು, ಆಧಾರ ಕೇಳಿ. ಲೂಕ ತಪ್ಪಿದ್ದಾನೆ, ಆದರೂ ನನ್ನ ನಂಬಿಕೆ ಅದರ ಮೇಲೆ ನಿಂತಿಲ್ಲ ಅಂತ ಇನ್ನೊಬ್ಬರು ಹೇಳಿಯಾರು. ಈ ಎರಡನೆಯವರ ಪಕ್ಕ ಕೂತುಕೊಳ್ಳಿ.

ಹಳೇಪ್ರತಿ:
ಓದೋದಕ್ಕೆ ಮಾರ್ಕನ ಸುವಾರ್ತೆ ಒಂದೇ ಸಾಕು. 16 ಅಧ್ಯಾಯ, ಒಂದೇ ಸಲ ಕೂತರೆ ಎರಡು ಗಂಟೆಯೊಳಗೆ ಮುಗಿಯುತ್ತೆ. 16:8ಕ್ಕೆ ನಿಲ್ಲಿಸಿ. ನಾಲ್ಕನೇ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳು ಅಲ್ಲಿಗೇ ಮುಗಿಯುತ್ತವೆ: ಹೆಂಗಸರು ಸಮಾಧಿಯಿಂದ ಓಡಿಹೋಗುತ್ತಾರೆ, ಹೆದರಿ ಯಾರಿಗೂ ಏನೂ ಹೇಳುವುದಿಲ್ಲ. 9ರಿಂದ 20ರವರೆಗಿನ ವಚನಗಳು ಆಮೇಲೆ ಸೇರಿದವು ಅನ್ನೋದು ಬಹುತೇಕ ವಿದ್ವಾಂಸರ ಮತ, ಕ್ರೈಸ್ತ ವಿದ್ವಾಂಸರೂ ಸೇರಿ.

ಆಮೇಲೆ 1 ಕೊರಿಂಥ 15:3-8. ಚರ್ಚೆಯ ತಿರುಳು ಇರೋದೇ ಇಲ್ಲಿ. ಅಪೊಸ್ತಲ ಪೌಲ ಈ ಪತ್ರ ಬರೆದದ್ದು 50ರ ದಶಕದ ನಡುವೆ, ಸುವಾರ್ತೆಗಳಿಗಿಂತ ಮೊದಲು. ನನಗೆ ತಿಳಿಸಿದ್ದನ್ನೇ ನಿಮಗೆ ತಿಳಿಸಿದೆ ಅಂತ ಶುರುಮಾಡಿ, ಸತ್ತು ಎದ್ದ ಯೇಸುವನ್ನು ಕಂಡವರ ಪಟ್ಟಿ ಕೊಡುತ್ತಾನೆ: ಕೇಫ (ಪೇತ್ರ), ಹನ್ನೆರಡು ಮಂದಿ, 500ಕ್ಕಿಂತ ಹೆಚ್ಚು ಸಹೋದರರು, ಯಾಕೋಬ, ಕಡೆಗೆ ತಾನು. ಪುನರುತ್ಥಾನದ ಕಥೆ ನೂರಾರು ವರ್ಷ ಬೆಳೆದು ಹುಟ್ಟಿದ್ದು ಅನ್ನೋ ವಾದ ಇದರ ಮುಂದೆ ನಿಲ್ಲಲ್ಲ. ಹಾಗೇ ಆ ಪಟ್ಟಿಯಲ್ಲಿ ಹೆಂಗಸರಿಲ್ಲ, ಸಮಾಧಿ ಖಾಲಿಯಾಗಿತ್ತು ಅಂತಲೂ ಇಲ್ಲ. ಉಳಿದವರು ಕಂಡದ್ದಕ್ಕೂ ತಾನು ಕಂಡದ್ದಕ್ಕೂ ಪೌಲ ಒಂದೇ ಕ್ರಿಯಾಪದ ಬಳಸುತ್ತಾನೆ. ಅವನು ಕಂಡದ್ದು ದೇಹವೋ ದರ್ಶನವೋ ಅಂತ ಕೇಳಿ.

ಎರಡು ಹಳಸಲು ವಾದ ಮನೆಯಲ್ಲೇ ಬಿಟ್ಟು ಹೋಗಿ. 325ರ ನಿಕಾಯ ಸಭೆ ಬೈಬಲ್ಲಿನ ಪುಸ್ತಕಗಳನ್ನು ಆರಿಸಿತು ಅನ್ನೋದು ಸುಳ್ಳು. ಅಲ್ಲಿನ ಮುಖ್ಯ ಜಗಳ ಯೇಸು ತಂದೆಯಾದ ದೇವರಿಗೆ ಸಮನಲ್ಲ ಅಂತಿದ್ದ ಆರಿಯಸ್‌ನ ಬೋಧನೆಯದ್ದು. ಇವತ್ತಿನ 27 ಪುಸ್ತಕಗಳ ಪಟ್ಟಿ ಮೊದಲು ಸಿಗೋದು ಅಲೆಕ್ಸಾಂಡ್ರಿಯಾದ ಬಿಷಪ್ ಅಥನಾಸಿಯಸ್‌ನ 367ರ ಪತ್ರದಲ್ಲಿ. ಇನ್ನೊಂದು, ಡಿಸೆಂಬರ್ 25ಕ್ಕೆ ಹುಟ್ಟಿದ ಮಿತ್ರ ದೇವತೆಯಿಂದ ಯೇಸುವಿನ ಕಥೆ ನಕಲಾಯ್ತು ಅನ್ನೋದು. ಸುವಾರ್ತೆಗಳಲ್ಲಿ ಹುಟ್ಟಿದ ತಾರೀಕೇ ಇಲ್ಲ. ಇಂಥದ್ದು ಒಂದು ಬಾಯಿಗೆ ಬಂದರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ಬೆಲೆ ಹೋಗುತ್ತೆ. ಅವರ ಕಡೆಯ ತಪ್ಪೂ ಇದೆ: ರೋಮನ್ ಇತಿಹಾಸಕಾರ ಟ್ಯಾಸಿಟಸ್ ಯೇಸುವಿನ ಬಗ್ಗೆ ಬರೆದಿದ್ದಾನಲ್ಲ ಅಂತಾರೆ. ಅವನಿಂದ ಗಟ್ಟಿಯಾಗೋದು ರೋಮನ್ ಅಧಿಪತಿ ಪಿಲಾತನ ಕಾಲದಲ್ಲಿ ಕ್ರಿಸ್ತನಿಗೆ ಮರಣದಂಡನೆ ಆಯ್ತು ಅನ್ನೋದಷ್ಟೇ, ಪುನರುತ್ಥಾನ ಅಲ್ಲ.

ತರ್ಕಬದ್ಧ:
ಒತ್ತಡದ ವಿಷಯ ಹೇಳ್ತೀನಿ, ನಾನೂ ನಂಬದವರ ಪಕ್ಷವೇ. ಕೋರ್ಸ್ ನಡುವೆ ಪವಿತ್ರಾತ್ಮನ ಬಗ್ಗೆ ಒಂದು ವಾರಾಂತ್ಯ ಇರುತ್ತೆ, ಸಾಮಾನ್ಯವಾಗಿ ಊರಾಚೆ. ಅಲ್ಲಿ ಹಾಡು, ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ, ಅನ್ಯಭಾಷೆಯ ಮಾತು (ಪವಿತ್ರಾತ್ಮನ ಪ್ರೇರಣೆ ಅಂತ ಗುರುತಿಲ್ಲದ ಭಾಷೆಯಲ್ಲಿ ಪ್ರಾರ್ಥಿಸೋದು) ಬರಬಹುದು. ಇದು ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಕ್ಯಾರಿಸ್ಮ್ಯಾಟಿಕ್ ಪಂಥದ ಬಣ್ಣ. ಕ್ರೈಸ್ತರಲ್ಲೇ ಇದನ್ನು ಒಪ್ಪದವರಿದ್ದಾರೆ. ಅದು ಯಾವಾಗ, ತಪ್ಪಿಸಿಕೊಂಡರೆ ಮುಂದಿನ ವಾರ ಬರಬಹುದಾ ಅಂತ ಮೊದಲ ದಿನವೇ ಕೇಳಿ. ಹೋದರೂ "ನನಗಾಗಿ ಪ್ರಾರ್ಥಿಸೋದು ಬೇಡ, ಕೂತು ನೋಡ್ತೀನಿ" ಅಂದರೆ ಸಾಕು. ಕಾರಣ ವಿವರಿಸಲು ಹೋಗಬೇಡಿ, ವಿವರಿಸಿದರೆ ಅದೇ ಚರ್ಚೆಯಾಗುತ್ತೆ. ಭಾನುವಾರದ ಆರಾಧನೆಗೆ ಹೋದರೆ ರೊಟ್ಟಿ-ದ್ರಾಕ್ಷಾರಸ ಹಂಚುವಾಗ ತೆಗೆದುಕೊಳ್ಳಲು ಹೋಗಬೇಡಿ, ಕೂತಲ್ಲೇ ಇರಿ. ಅದು ಸಾಮಾನ್ಯವಾಗಿ ದೀಕ್ಷಾಸ್ನಾನ ಆದವರಿಗೆ.

"ಯೇಸು ಸುಳ್ಳುಗಾರ, ಇಲ್ಲ ಹುಚ್ಚ, ಇಲ್ಲ ದೇವರು" ಅನ್ನೋ ಮೂರರ ವಾದ ಬಂದೇ ಬರುತ್ತೆ. ತಾನು ದೇವರು ಅನ್ನೋ ಅರ್ಥದ ಮಾತುಗಳನ್ನು ಅವನೇ ಆಡಿದ್ದಾ ಅನ್ನೋ ಪ್ರಶ್ನೆಯನ್ನು ಅದು ದಾಟಿಕೊಂಡು ಹೋಗುತ್ತೆ. "ನಾನೂ ತಂದೆಯೂ ಒಂದಾಗಿದ್ದೇವೆ" ಇರೋದು ಯೋಹಾನ 10:30ರಲ್ಲಿ, ಮಾರ್ಕನಲ್ಲಿ ಅಷ್ಟು ನೇರವಾಗಿಲ್ಲ. ಅವರು ಮಾರ್ಕ 2:5-7 ಮತ್ತು 14:62 ತೋರಿಸಬಹುದು, ಅವನ್ನು ಓದಿಟ್ಟುಕೊಳ್ಳಿ.

ಸಂದೇಹಿ_ಬೆಂಗಳೂರು:
ಉಪಕಾರವಾಯ್ತು. ಆ ವಾರಾಂತ್ಯದ ಗದ್ದಲ ಇಲ್ಲದ, ಬರೀ ಓದು-ಚರ್ಚೆಯ ಗುಂಪು ಬೇರೆ ಇದೆಯಾ?

ಬಲ್ಮಠದವ:
ಕ್ರಿಶ್ಚಿಯಾನಿಟಿ ಎಕ್ಸ್‌ಪ್ಲೋರ್ಡ್ ನೋಡಿ, ಅದೂ ಲಂಡನ್ನಿನದೇ, ಆಲ್ ಸೋಲ್ಸ್ ಚರ್ಚ್‌ನಿಂದ ಬಂದದ್ದು. ಪೂರ್ತಿ ಮಾರ್ಕನ ಸುವಾರ್ತೆಯ ಮೇಲೇ ನಡೆಯುತ್ತೆ. ಕ್ಯಾಥೊಲಿಕ್ ಚರ್ಚ್‌ನಲ್ಲಿ ವಿಚಾರಿಸಿದರೆ ವಯಸ್ಕರ ಜ್ಞಾನಸ್ನಾನದ ತಯಾರಿಗೆ ಕಳಿಸಬಹುದು. ಬರೀ ಕೇಳಿ ತಿಳಿಯೋಕೆ ಬಂದವರಿಗೂ ಅದರಲ್ಲಿ ಮೊದಲ ಹಂತ ಇದೆ, ಯಾವಾಗ ಬೇಕಾದರೂ ನಿಲ್ಲಿಸಬಹುದು. ಯಾವುದಕ್ಕೇ ಹೋದರೂ ಗುಂಪು ನಡೆಸುವವರಿಗೆ "ನಂಬಲ್ಲ, ಕೇಳೋಕೆ ಬಂದಿದ್ದೀನಿ" ಅಂತ ಮೊದಲೇ ಮೆಸೇಜ್ ಹಾಕಿ, ಎಲ್ಲರೂ ವಿಶ್ವಾಸಿಗಳೇ ಇರುವ ಮೇಜಿಗೆ ನಿಮ್ಮೊಬ್ಬರನ್ನೇ ಕೂರಿಸಬೇಡಿ ಅಂತಲೂ ಹೇಳಿ.