ಅಪ್ಪ ಅಮ್ಮನನ್ನು ಪ್ವೆರ್ತೊ ಪೆನ್ಯಾಸ್ಕೊಗೆ ಕರೆದುಕೊಂಡು ಹೋಗಬಹುದೇ? ಹೋಗಿ ಬಂದವರು ಹೇಳಿ

ಅರಿಜೋನಾದ ಚಾಂಡ್ಲರ್‌ನಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಾಸನದಿಂದ ಅಪ್ಪ ಅಮ್ಮ ಬಂದಿದ್ದಾರೆ. ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಅವರನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ಅಪ್ಪನಿಗೆ ಸಮುದ್ರ ಅಂದರೆ ಪ್ರಾಣ. ಸ್ಯಾನ್ ಡಿಯೇಗೊ ನೋಡಿ ಆಯ್ತು. ಮೆಕ್ಸಿಕೊದ ಸೊನೋರಾ ರಾಜ್ಯದ ಪ್ವೆರ್ತೊ ಪೆನ್ಯಾಸ್ಕೊ, ಇಲ್ಲಿಯವರು ರಾಕಿ ಪಾಯಿಂಟ್ ಅನ್ನುತ್ತಾರಲ್ಲ ಆ ಊರು, ಫೀನಿಕ್ಸ್‌ನಿಂದ ಕಾರಿನಲ್ಲಿ ನಾಲ್ಕು ಗಂಟೆಯ ದಾರಿಯಂತೆ. ಆಫೀಸಿನಲ್ಲಿ ಒಬ್ಬರು "ನಾವು ಪ್ರತಿ ವರ್ಷ ಹೋಗ್ತೀವಿ, ಕಣ್ಣು ಮುಚ್ಚಿಕೊಂಡು ಹೋಗಿ" ಅಂದರು. ಇನ್ನೊಬ್ಬರು "ಬರೀ ಮರಳು, ಕುಡುಕರ ಗಲಾಟೆ, ಅದಕ್ಕೆ ಗಡಿ ಬೇರೆ ದಾಟಬೇಕಾ" ಅಂದರು. ನಾವಿಬ್ಬರೂ ಎಚ್-1ಬಿ ಕೆಲಸದ ವೀಸಾ, ಅಪ್ಪ ಅಮ್ಮ ಬಿ-2 ಪ್ರವಾಸಿ ವೀಸಾ. ಮಗಳಿಗೆ ಏಳು ವರ್ಷ. ಎಲ್ಲರೂ ಸಸ್ಯಾಹಾರಿಗಳು. ಅಮ್ಮನಿಗೆ ಮಂಡಿನೋವು. ನಿಮ್ಮ ಅನುಭವ ಏನೇ ಇರಲಿ, ಬಿಚ್ಚಿ ಹೇಳಿ.

ಟೆಂಪಿಯಿಂದ

ಖಂಡಿತ ಹೋಗಿ. ಆದರೆ ಮೆಕ್ಸಿಕೊದ ಇನ್ನೊಂದು ಕಡಲೂರು ಕ್ಯಾನ್‌ಕೂನ್ ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ತೆಂಗಿನ ಮರ, ಹಸಿರು ಏನೂ ಇಲ್ಲ. ಮರುಭೂಮಿ ನೇರವಾಗಿ ಬಂದು ಕಡಲಿಗೆ ಸೇರುತ್ತದೆ, ನಡುವೆ ಏನೂ ಇಲ್ಲ. ಅದೇ ಅಲ್ಲಿಯ ಚಂದ.

ನಾನು ಕುಂದಾಪುರದ ಕಡೆಯವಳು, ಹುಟ್ಟಿದಾಗಿನಿಂದ ಕಡಲು ನೋಡಿದವಳು. ಆದರೂ ಅಲ್ಲಿಯ ಇಳಿತ ನೋಡಿ ದಂಗಾಗಿ ನಿಂತುಬಿಟ್ಟೆ. ನಮ್ಮೂರಲ್ಲಿ ಉಬ್ಬರಕ್ಕೂ ಇಳಿತಕ್ಕೂ ಎರಡು ಮೀಟರ್ ವ್ಯತ್ಯಾಸ ಆದರೆ ದೊಡ್ಡದು. ಅಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಆರೇಳು ಮೀಟರ್ ತನಕ ಹೋಗುತ್ತದೆ. ಕ್ಯಾಲಿಫೋರ್ನಿಯಾ ಕೊಲ್ಲಿ ಉದ್ದಕ್ಕೆ ಭೂಮಿಯೊಳಗೆ ನುಗ್ಗಿಕೊಂಡು ಬಂದು, ಉತ್ತರದ ತುದಿಯಲ್ಲಿ ಆಳ ಕಡಿಮೆಯಾಗುತ್ತದೆ. ಪೆನ್ಯಾಸ್ಕೊ ಇರುವುದು ಆ ತುದಿಯಲ್ಲೇ, ಹಾಗಾಗಿ ನೀರು ಅಷ್ಟು ಏರಿ ಅಷ್ಟೇ ಇಳಿಯುತ್ತದೆ. ಒಮ್ಮೆ ಮೆಟ್ಟಿಲ ಬುಡಕ್ಕೆ ಬಡಿಯುತ್ತಿದ್ದ ನೀರು ಆರು ಗಂಟೆ ಬಿಟ್ಟು ನೋಡಿದರೆ ಎಲ್ಲೋ ದೂರ ಹೋಗಿರುತ್ತದೆ, ಅಷ್ಟು ಜಾಗದಲ್ಲಿ ಬಂಡೆ ಎದ್ದು ನಿಂತಿರುತ್ತದೆ.

ಮಗಳನ್ನು ಕರೆದುಕೊಂಡು ಹೋಗಬೇಕಾದದ್ದು ಆ ಬಂಡೆಗಳಿಗೆ. ಚಿಪ್ಪುಗಳೇ ಗಟ್ಟಿಯಾಗಿ ಕಲ್ಲಾದ ಬಂಡೆ ಅದು. ಒಂದೊಂದು ಗುಂಡಿಯಲ್ಲೂ ನೀರು ನಿಂತಿರುತ್ತದೆ. ಸುಮ್ಮನೆ ಕೂತು ಎರಡು ನಿಮಿಷ ನೋಡುತ್ತಿರಿ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಒಂದು ಚಿಪ್ಪು ಎದ್ದು ನಡೆಯತೊಡಗುತ್ತದೆ, ಒಳಗೆ ಏಡಿ. ಬೆರಳು ತಾಗಿದ ಕೂಡಲೇ ಮುದುಡುವ ಅನಿಮೋನ್, ಕಲ್ಲಿನಡಿ ತೆಳ್ಳನೆ ಕೈಗಳ ನಕ್ಷತ್ರಮೀನು, ಅದೃಷ್ಟವಿದ್ದರೆ ಅಂಗೈಯಷ್ಟಗಲದ ಆಕ್ಟೋಪಸ್. ಕಲ್ಲು ಎತ್ತಿದರೆ ಇದ್ದ ಹಾಗೇ ಮಗುಚಿ ಇಡಿ. ಬಿಸಿಲಿಗೆ ತೆರೆದಿಟ್ಟು ಬಂದರೆ ಅಡಿಯಲ್ಲಿರುವುದೆಲ್ಲ ಸತ್ತುಹೋಗುತ್ತದೆ. ಬರಿಗಾಲು ಬೇಡ, ಬಂಡೆ ಚೂಪು.

ಮರಳಿನ ಕಡೆ ನೀರಿಗೆ ಇಳಿಯುವಾಗ ಕಾಲು ಎತ್ತಿ ಇಡದೆ ಎಳೆದುಕೊಂಡು ನಡೆಯಿರಿ. ಬಾಲದಲ್ಲಿ ಮುಳ್ಳಿರುವ ತೊರಕೆ ಮೀನು ಮರಳಲ್ಲಿ ಹುದುಗಿರುತ್ತದೆ, ಸದ್ದಿಗೆ ಸರಿದು ಹೋಗುತ್ತದೆ. ಚುಚ್ಚಿದರೆ ತಡೆಯುವಷ್ಟು ಬಿಸಿಯ ನೀರಿನಲ್ಲಿ ಕಾಲಿಟ್ಟು ಡಾಕ್ಟರ ಹತ್ತಿರ ಹೋಗಬೇಕು. ಬೇಸಿಗೆಯಲ್ಲಿ ಇದರ ಕಾಟ ಹೆಚ್ಚು, ಲೋಳೆಮೀನಿನದೂ ಅಷ್ಟೇ.

ಹೋಗುವ ಮುಂಚೆ ಉಬ್ಬರ ಇಳಿತದ ವೇಳಾಪಟ್ಟಿ ನೋಡಿಕೊಳ್ಳಿ. ಅದನ್ನು ನೋಡದೆ ಹೋದವರೇ "ಅಲ್ಲೇನಿದೆ" ಅನ್ನುವುದು.

ಸ್ಕಾಟ್ಸ್‌ಡೇಲ್‌ನಿಂದ

ನನ್ನ ಅಭಿಪ್ರಾಯ ಬೇರೆ, ಮೇಡಂ. ನಾವು ಹೋದದ್ದು ಮಾರ್ಚ್‌ನಲ್ಲಿ, ಕಾಲೇಜುಗಳ ಸ್ಪ್ರಿಂಗ್ ಬ್ರೇಕ್ ಸಮಯ. ಸ್ಯಾಂಡಿ ಬೀಚ್ ಕಡೆ ದೊಡ್ಡ ಅಪಾರ್ಟ್‌ಮೆಂಟು. ಹಗಲಿಡೀ ಮರಳಲ್ಲಿ ಓಡಿಸುವ ಎಟಿವಿ ಗಾಡಿಗಳ ಗದ್ದಲ, ನಡುರಾತ್ರಿ ದಾಟಿದರೂ ಕೆಳಗೆ ಸ್ಪೀಕರ್ ನಿಲ್ಲಲಿಲ್ಲ. ಬಾಡಿಗೆಗೆ ಕೊಟ್ಟವರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಬೀಚಿನಲ್ಲಿ ಕೂತರೆ ಬೆಳ್ಳಿ ಸರ, ಟೋಪಿ, ಕನ್ನಡಕ ಮಾರುವವರು ಒಬ್ಬರಾದ ಮೇಲೆ ಒಬ್ಬರು. ಅವರು ಒಳ್ಳೆಯವರೇ, "ನೋ, ಗ್ರಾಸಿಯಾಸ್" ಅಂದರೆ ನಕ್ಕು ಮುಂದೆ ಹೋಗುತ್ತಾರೆ. ಆದರೆ ನಮ್ಮ ಮಾವನವರಿಗೆ ಐದು ನಿಮಿಷ ನೆಮ್ಮದಿಯಾಗಿ ಕೂರಲು ಆಗಲಿಲ್ಲ. ನೆರಳಿಗೆ ಒಂದು ಮರವಿಲ್ಲ.

ಇನ್ನೊಂದು ಮಾತು, ಇದೇ ನನಗೆ ಮುಖ್ಯ. ವಯಸ್ಸಾದವರಿಗೆ ರಾತ್ರಿ ಹೊತ್ತಲ್ಲಿ ಎದೆನೋವು ಬಂತು ಅಂದುಕೊಳ್ಳಿ. ವಾಪಸ್ ಬರಲು ದಾಟಬೇಕಾದ ಲ್ಯೂಕ್‌ವಿಲ್ ಗಡಿ ತೆರೆದಿರುವುದು ಬೆಳಿಗ್ಗೆ 6ರಿಂದ ರಾತ್ರಿ 8ರವರೆಗೆ ಮಾತ್ರ. ಅಪ್ಪ ಅಮ್ಮನಿಗೆ ಮಾಡಿಸಿರುವ ವಿಸಿಟರ್ ಇನ್ಶೂರೆನ್ಸ್ ಮೆಕ್ಸಿಕೊದಲ್ಲಿ ನಡೆಯುತ್ತದೆಯೇ ಅಂತ ಪಾಲಿಸಿ ತೆಗೆದು ಓದಿ. ಅಮೆರಿಕದ ವಿದೇಶಾಂಗ ಇಲಾಖೆ ಸೊನೋರಾವನ್ನು "ಹೋಗುವ ಮುನ್ನ ಮರುಯೋಚಿಸಿ" ಎಂಬ ಮೂರನೇ ಹಂತದಲ್ಲಿ ಇಟ್ಟಿದ್ದದ್ದೂ ಗಮನದಲ್ಲಿರಲಿ. ನೀವು, ಯಜಮಾನರು, ಮಗಳು ಹೋಗುವುದಾದರೆ ನಾನು ಬೇಡ ಅನ್ನುತ್ತಿರಲಿಲ್ಲ. ಹಿರಿಯರ ಜೊತೆ ಬೇಡ.

ಗಿಲ್ಬರ್ಟ್‌ನಿಂದ

ಸರ್ ಹೇಳಿದ ಮೂರನೇ ಹಂತ ನಿಜ. ಆದರೆ ಅದೇ ಸೂಚನೆಯನ್ನು ಪೂರ್ತಿ ಓದಿದರೆ, ತಮ್ಮ ಸರ್ಕಾರಿ ನೌಕರರು ಲ್ಯೂಕ್‌ವಿಲ್ ಮತ್ತು ಅದರ ಎದುರು ಮೆಕ್ಸಿಕೊ ಕಡೆ ಇರುವ ಸೊನೊಯ್ತಾ ಮೂಲಕ ಹೆದ್ದಾರಿ 8ರಲ್ಲಿ ಹಗಲು ಹೊತ್ತಿನಲ್ಲಿ ಪೆನ್ಯಾಸ್ಕೊಗೆ ಹೋಗಬಹುದು ಎಂದೂ ಇದೆ. ಹೊರಡುವ ವಾರ ಮತ್ತೊಮ್ಮೆ ನೋಡಿಕೊಳ್ಳಿ. ಬೆಳಕಿರುವಾಗಲೇ ಓಡಾಡಿ, ಹೆದ್ದಾರಿ ಬಿಟ್ಟು ಒಳದಾರಿ ಹಿಡಿಯಬೇಡಿ. ಗಡಿಯಿಂದ ಊರಿಗೆ ಸುಮಾರು 100 ಕಿಲೋಮೀಟರ್, ರಸ್ತೆ ನೇರ.

ನಾನು ಒತ್ತಿ ಹೇಳಬೇಕಾದದ್ದು ಕಾಗದಪತ್ರದ ವಿಷಯ. ನಮ್ಮವರು ಎಡವುವುದೇ ಇಲ್ಲಿ.

ಭಾರತೀಯ ಪಾಸ್‌ಪೋರ್ಟ್ ಇದ್ದರೂ, ಅದರಲ್ಲಿ ಅವಧಿ ಮುಗಿಯದ ಅಮೆರಿಕ ವೀಸಾ ಇದ್ದರೆ ಮೆಕ್ಸಿಕೊಗೆ ಪ್ರತ್ಯೇಕ ವೀಸಾ ಬೇಡ. ಅಪ್ಪ ಅಮ್ಮನ ಬಿ-2 ಸಾಕು. ನಿಮ್ಮಿಬ್ಬರದು ನೋಡಿ: ಎಚ್-1ಬಿ ಮಂಜೂರಾತಿ ಪತ್ರ ಕೈಯಲ್ಲಿದ್ದು, ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟಾಂಪಿನ ಅವಧಿ ಮುಗಿದಿದ್ದರೆ ಮೆಕ್ಸಿಕೊ ಕಡೆಯವರಿಗೆ ಆ ಪತ್ರ ಲೆಕ್ಕಕ್ಕಿಲ್ಲ. "ಮೂವತ್ತು ದಿನದೊಳಗೆ ವಾಪಸ್ ಬಂದರೆ ಹಳೆಯ ಸ್ಟಾಂಪ್ ನಡೆಯುತ್ತದೆ" ಅಂತ ಯಾರಾದರೂ ಹೇಳುತ್ತಾರೆ. ಆ ಅನುಕೂಲ ಇರುವುದು ಅಮೆರಿಕಕ್ಕೆ ಮರಳುವಾಗ ಮಾತ್ರ, ಅದಕ್ಕೂ ಷರತ್ತುಗಳಿವೆ. ಮೆಕ್ಸಿಕೊ ಒಳಗೆ ಹೋಗಲು ಚಾಲ್ತಿಯಲ್ಲಿರುವ ವೀಸಾನೇ ಬೇಕು. ಗ್ರೀನ್ ಕಾರ್ಡ್ ಅರ್ಜಿ ಐ-485 ಹಂತದಲ್ಲಿದ್ದರೆ ವಕೀಲರನ್ನು ಕೇಳದೆ ಗಡಿಯ ಹತ್ತಿರವೂ ಹೋಗಬೇಡಿ.

ಎಲ್ಲರ ಐ-94, ಅಂದರೆ ಅಮೆರಿಕ ಪ್ರವೇಶದ ದಾಖಲೆ, ಪ್ರಿಂಟ್ ತೆಗೆದು ಜೊತೆಗಿಟ್ಟುಕೊಳ್ಳಿ. ಮೆಕ್ಸಿಕೊಗೆ ಹೋಗಿ ಬಂದರೆ ಅಪ್ಪ ಅಮ್ಮನಿಗೆ ಮತ್ತೆ ಆರು ತಿಂಗಳು ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ಸೊನೊಯ್ತಾದಲ್ಲಿ ಇಮಿಗ್ರೇಷನ್ ಕಚೇರಿ ಮುಂದೆ ನೀವಾಗಿಯೇ ಕಾರು ನಿಲ್ಲಿಸಿ ಪ್ರವಾಸಿ ಪರವಾನಗಿ ಮಾಡಿಸಿಕೊಳ್ಳಬೇಕು, ಯಾರೂ ಕೈ ಅಡ್ಡ ಹಾಕುವುದಿಲ್ಲ. ಎಷ್ಟೋ ಜನ ಹಾಗೇ ದಾಟಿ ಹೋಗುತ್ತಾರೆ, ನೀವು ಹೋಗಬೇಡಿ.

ಕಾರಿನ ಅಮೆರಿಕದ ಇನ್ಶೂರೆನ್ಸ್ ಅಲ್ಲಿ ನಡೆಯುವುದಿಲ್ಲ. ಮೆಕ್ಸಿಕೊ ಪಾಲಿಸಿ ಆನ್‌ಲೈನ್‌ನಲ್ಲಿ ದಿನದ ಲೆಕ್ಕದಲ್ಲಿ ಸಿಗುತ್ತದೆ, ಪ್ರಿಂಟ್ ಇಟ್ಟುಕೊಳ್ಳಿ. ಪೆನ್ಯಾಸ್ಕೊ ತನಕ ವಾಹನದ ತಾತ್ಕಾಲಿಕ ಆಮದು ಪರವಾನಗಿ ಬೇಕಿಲ್ಲ. ಬಾಡಿಗೆ ಕಾರಾದರೆ ಗಡಿ ದಾಟಿಸಲು ಕಂಪನಿಯ ಒಪ್ಪಿಗೆ ಬೇಕು. ಬಂದೂಕು, ಗುಂಡು ಒಂದೂ ಇರಬಾರದು. ಸ್ನೇಹಿತರ ಕಾರು ತೆಗೆದುಕೊಂಡು ಹೋಗುವುದಾದರೆ ಡಿಕ್ಕಿಯ ಮೂಲೆಮೂಲೆ ನೋಡಿಕೊಳ್ಳಿ, ಅರಿಜೋನಾದಲ್ಲಿ ಇದು ಸುಮ್ಮನೆ ಹೇಳುವ ಮಾತಲ್ಲ.

ಟೂಸಾನ್‌ನಿಂದ

ಅಕ್ಕಾರ, ನಮಸ್ಕಾರ್ರೀ. ಎಲ್ಲಾರೂ ಬರೇ ಬೀಚ್ ಬಗ್ಗೆ ಹೇಳಾಕತ್ತಾರ. ಪಿನಾಕಾತೆ ಅನ್ನೋ ಜ್ವಾಲಾಮುಖಿ ನೆಲ ನೋಡದ ಬರಬ್ಯಾಡ್ರಿ. ಪೆನ್ಯಾಸ್ಕೊ ಹಾದ್ಯಾಗನ ಐತಿ, 2013ರಾಗ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರೇತಿ. ಒಂದ ಕಡೆ ಕರ್ರಗಿನ ಲಾವಾ, ಇನ್ನೊಂದ ಕಡೆ ಗ್ರಾನ್ ದೆಸಿಯೆರ್ತೊ ಅನ್ನೋ ಮರಳ ಗುಡ್ಡಗೋಳು. ಎಲ್ ಎಲೆಗಾಂತೆ ಅನ್ನೋ ಕುಳಿ ಒಂದೂವರೆ ಕಿಲೋಮೀಟರ್‌ಕಿಂತಾ ಅಗಲ, 240 ಮೀಟರ್ ಆಳ. ಕಾದ ಶಿಲಾರಸ ನೆಲದಾಗಿನ ನೀರಿಗೆ ತಾಗಿ, ಉಗಿ ಸಿಡದು ಆದ ಕುಳಿ ಅದು. ಚಂದ್ರನ ಮ್ಯಾಲೆ ಹೋಗೋ ಅಪೊಲೊ ಗಗನಯಾತ್ರಿಗಳಿಗೆ ಕಲ್ಲು ಮಣ್ಣು ಗುರುತಿಸೋದು ಕಲಿಸಾಕ ನಾಸಾದವ್ರು ಅಲ್ಲಿಗೆ ಕರಕೊಂಡು ಬಂದಿದ್ರು. ನಿಮ್ಮ ಮಗಳಿಗೆ ಇದನ್ನ ಮೊದಲ ಹೇಳಿಟ್ಟರ ದಾರಿಗುಂಟ ನಿದ್ದಿ ಮಾಡಂಗಿಲ್ಲ ನೋಡ್ರಿ.

ಕುಳಿ ಹಾದಿ ಕಚ್ಚಾ ಐತಿ, ಎತ್ತರದ ಗಾಡಿ ಬೇಕು. ಅವ್ವಾರಿಗೆ ಮಂಡಿನೋವಂದ್ರ ಶುಕ್ ತೋಕ್ ಸಂದರ್ಶಕ ಕೇಂದ್ರಕ್ಕ ಹೋದ್ರೂ ಸಾಕು. ಲಾವಾ ನಡಕ ಕಟ್ಟ್ಯಾರ, ಕುಂತಲ್ಲಿಂದನ ಎಲ್ಲಾ ಕಾಣತೈತಿ.

ಇನ್ನೊಂದ ಹೇಳತೇನ್ರಿ. ಆ ನೆಲ ಓಡಮ್ ಅನ್ನೋ ಮೂಲನಿವಾಸಿ ಜನರದು. ಗಡಿ ಅವರ ನೆಲದ ನಡುವ ಬಿದ್ದೈತಿ. ಉಪ್ಪು ತರಾಕ ಅಂತ ಅವರ ಹಿರೇರು ಈ ಮರಳುಗಾಡು ದಾಟಿ ಇದ ಸಮುದ್ರಕ್ಕ ಕಾಲ್ನಡಿಗೀಲೆ ಬರ್ತಿದ್ರು, ಅವರಿಗೆ ಅದು ಯಾತ್ರಾ. ನಾವು ಎಸಿ ಹಾಕ್ಕೊಂಡು ಹೋಗೋ ದಾರಿ ಅದು ಅನ್ನೋದು ನೆನಪಿದ್ರ ಗಡಿ ಈಚೆ ದಾರ್ಯಾಗ ಸಿಗೋ ಆರ್ಗನ್ ಪೈಪ್ ಪಾರ್ಕಿನ ಕಳ್ಳಿ ಗಿಡಗೋಳನ್ನ ನೋಡೋ ರೀತಿನ ಬ್ಯಾರೆ ಆಕ್ಕೈತಿ.

ಪಿಯೋರಿಯಾದಿಂದ

ಊಟದ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಊರು ಬದುಕುವುದೇ ಸೀಗಡಿ, ಮೀನಿನ ಮೇಲೆ. ಸಸ್ಯಾಹಾರಿಗಳು ಉಪವಾಸವಂತೂ ಬೀಳುವುದಿಲ್ಲ, ಆದರೆ ಕೇಳದೆ ತಿನ್ನುವ ಹಾಗಿಲ್ಲ. ಬೇಳೆಯಂತೆ ಕಾಣುವ ಫ್ರಿಹೋಲೆಸ್ ಎಂಬ ಹುರುಳಿಕಾಳಿನಂಥ ಬೀನ್ಸ್ ಕಾಳಿನ ಪಲ್ಯಕ್ಕೆ ಬಹಳ ಕಡೆ ಹಂದಿಕೊಬ್ಬು ಹಾಕುತ್ತಾರೆ, ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸುವುದುಂಟು. ಸೊನೋರಾದ ಗೋಧಿ ತೋರ್ತಿಯಾ ರೊಟ್ಟಿಯಲ್ಲೂ ಕೊಬ್ಬು ಇರಬಹುದು, ಮೆಕ್ಕೆಜೋಳದ್ದು ಕೇಳಿ ಪಡೆಯಿರಿ. "ಸಿನ್ ಕಾರ್ನೆ, ಸಿನ್ ಪೊಯ್ಯೊ, ಸಿನ್ ಮಾಂತೆಕಾ" ಅಂತ ಒಂದು ಚೀಟಿಯಲ್ಲಿ ಬರೆದು ತೋರಿಸಿ. ಮಾಂಸ ಬೇಡ, ಕೋಳಿ ಬೇಡ, ಕೊಬ್ಬು ಬೇಡ ಅಂತ ಅರ್ಥ. ಚೀಟಿ ನೋಡಿದ ಒಬ್ಬ ಅಜ್ಜಿ ನಮಗಾಗಿ ನೊಪಾಲ್ ಕಳ್ಳಿಯನ್ನು ಈರುಳ್ಳಿ, ಟೊಮೆಟೊ, ಮೆಣಸಿನಕಾಯಿ ಜೊತೆ ಹುರಿದುಕೊಟ್ಟರು. ಹುಳಿ ಹುಳಿಯಾಗಿ, ಸ್ವಲ್ಪ ಲೋಳೆಯಾಗಿ ಇತ್ತು. ನಮ್ಮ ಅತ್ತೆ ಎರಡನೇ ಸಲ ಬಡಿಸಿಕೊಂಡರು.

ನಾವು ಆ ಊರಿನ ಲಾಸ್ ಕೋಂಚಾಸ್ ಬಡಾವಣೆ ಕಡೆ ಅಡುಗೆಮನೆ ಇರುವ ಮನೆ ಬಾಡಿಗೆಗೆ ಹಿಡಿಯುತ್ತೇವೆ. ಕುಕ್ಕರ್, ಅಕ್ಕಿ, ತೊಗರಿಬೇಳೆ, ಸಾರಿನ ಪುಡಿ ಕಾರಿನಲ್ಲೇ ಹೋಗುತ್ತದೆ. ಕುಡಿಯಲು, ಅಡುಗೆಗೆ ಶುದ್ಧೀಕರಿಸಿದ ಕ್ಯಾನ್ ನೀರು. ಸ್ಕಾಟ್ಸ್‌ಡೇಲ್‌ನವರು ಹೇಳಿದ ಗಲಾಟೆ ಆ ಕಡೆ ಇಲ್ಲ, ಟೆಂಪಿಯವರು ಹೇಳಿದ ಬಂಡೆಗಳೂ ಆ ಕಡೆಯೇ. 1980ರಲ್ಲಿ ಶುರುವಾದ ಸೆಡೊ ಎಂಬ ಮರುಭೂಮಿ–ಸಾಗರ ಅಧ್ಯಯನ ಕೇಂದ್ರವೂ ಅಲ್ಲೇ ಇದೆ. ಅಲ್ಲಿಟ್ಟಿರುವ ತಿಮಿಂಗಿಲದ ಅಸ್ಥಿಪಂಜರದ ಪಕ್ಕ ಮಗಳನ್ನು ನಿಲ್ಲಿಸಿ ನೋಡಿ. ವಾಕೀತಾ ಬಗ್ಗೆಯೂ ಅಲ್ಲಿ ಕೇಳಿ ತಿಳಿದುಕೊಳ್ಳಿ. ಈ ಕೊಲ್ಲಿಯ ಉತ್ತರ ಭಾಗ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಪುಟ್ಟ ಕಡಲಹಂದಿ ಅದು. ತೊತೊಆಬಾ ಮೀನಿಗೆ ಹಾಕಿದ ಬಲೆಗೆ ಸಿಕ್ಕಿ ಸತ್ತು ಸತ್ತು ಈಗ ಹತ್ತರ ಆಸುಪಾಸಿನಲ್ಲಿ ಉಳಿದಿವೆ. ಇದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಚಾಂಡ್ಲರ್‌ನಿಂದ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಪಾಸ್‌ಪೋರ್ಟ್ ತೆಗೆದು ನೋಡಿದೆ, ನಮ್ಮೆಲ್ಲರ ವೀಸಾ ಚಾಲ್ತಿಯಲ್ಲಿದೆ. ಅಪ್ಪ ಅಮ್ಮನ ಇನ್ಶೂರೆನ್ಸ್ ಮೆಕ್ಸಿಕೊಗೆ ಅನ್ವಯಿಸುವುದಿಲ್ಲ ಅಂತ ಗೊತ್ತಾಯಿತು, ಸ್ಕಾಟ್ಸ್‌ಡೇಲ್ ಸರ್ ಹೇಳದಿದ್ದರೆ ನೋಡುತ್ತಲೇ ಇರಲಿಲ್ಲ. ಅಷ್ಟು ದಿನಕ್ಕೆ ಬೇರೆ ಪಾಲಿಸಿ ಹುಡುಕುತ್ತಿದ್ದೇನೆ. ಇನ್ನೆರಡು ಪ್ರಶ್ನೆ. ನವೆಂಬರ್ ಕೊನೆಯಲ್ಲಿ ನೀರಿಗೆ ಇಳಿಯಬಹುದಾ? ಅಮ್ಮ ಬಂಡೆಗಳ ಹತ್ತಿರ ಬರಲು ಆಗುತ್ತದಾ?

ಟೆಂಪಿಯಿಂದ

ಹಗಲು ಹಿತವಾಗಿರುತ್ತದೆ, ಸಂಜೆಗೆ ಸ್ವೆಟರ್ ಬೇಕು. ನೀರು ತಣ್ಣಗಿರುತ್ತದೆ, ಮಕ್ಕಳು ಇಳಿಯುತ್ತಾರೆ, ದೊಡ್ಡವರು ಮೊಣಕಾಲು ಮಟ್ಟ. ಅಮ್ಮನನ್ನು ಬಂಡೆಯ ಮೇಲೆ ನಡೆಸಬೇಡಿ, ಪಾಚಿಗೆ ಜಾರುತ್ತದೆ. ಮಡಚುವ ಕುರ್ಚಿ, ದೊಡ್ಡ ಛತ್ರಿ ತೆಗೆದುಕೊಂಡು ಹೋಗಿ, ಬಂಡೆ ಶುರುವಾಗುವ ಕಡೆ ಮರಳಲ್ಲಿ ಕೂರಿಸಿ. ಮಗಳು ಓಡಿ ಬಂದು ವರದಿ ಒಪ್ಪಿಸುತ್ತಿರಲಿ. ಸಂಜೆ ಹಳೇ ಬಂದರಿನ ಮಲೆಕೋನ್ ದಂಡೆಯಲ್ಲಿ ಸಮತಟ್ಟಾದ ದಾರಿ ಇದೆ, ಅಲ್ಲಿ ಆರಾಮಾಗಿ ನಡೆಯಬಹುದು.

ಸ್ಕಾಟ್ಸ್‌ಡೇಲ್‌ನಿಂದ

ಹೋಗುವುದೇ ಖಚಿತವಾದರೆ ಇದೊಂದು ಕೇಳಿ. ಭಾನುವಾರ ವಾಪಸ್ ಹೊರಡಬೇಡಿ. ಥ್ಯಾಂಕ್ಸ್‌ಗಿವಿಂಗ್ ಭಾನುವಾರ ಲ್ಯೂಕ್‌ವಿಲ್ ಸಾಲು ಗಂಟೆಗಟ್ಟಲೆ ಇರುತ್ತದೆ, ಅಲ್ಲಿ ಹಿರಿಯರಿಗೆ ಶೌಚಾಲಯದ್ದೇ ದೊಡ್ಡ ಕಷ್ಟ. ಶನಿವಾರ ಬೆಳಿಗ್ಗೆಯೇ ಬಿಡಿ. 2023ರ ಡಿಸೆಂಬರ್‌ನಲ್ಲಿ ಆ ಗಡಿಯನ್ನು ಸರಿಸುಮಾರು ಒಂದು ತಿಂಗಳು ಮುಚ್ಚಿದ್ದರು, ಆದ್ದರಿಂದ ಹೊರಡುವ ಹಿಂದಿನ ದಿನ ತೆರೆದಿದೆಯೇ ಅಂತ ಖಚಿತ ಮಾಡಿಕೊಳ್ಳಿ. ಉಳಿದ ಹಣ್ಣು ತರಕಾರಿ ಅಲ್ಲೇ ಯಾರಿಗಾದರೂ ಕೊಟ್ಟು ಬನ್ನಿ, ಗಡಿಯಲ್ಲಿ ಕೃಷಿ ತಪಾಸಣೆ ಇದೆ. ಅಮ್ಮ ಅಪ್ಪನ ಔಷಧಿ ನಾಲ್ಕು ದಿನಕ್ಕೆ ಹೆಚ್ಚಿಗೆ ಇರಲಿ. ಹೋಗುವಾಗ ಅರಿಜೋನಾ ಕಡೆಯ ಹಿಲಾ ಬೆಂಡ್ ಊರಿನಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳಿ.