ಕ್ಯಾಲೊರಿ ಲೆಕ್ಕದಲ್ಲಿ ನಮ್ಮ ಓಡಾಟವನ್ನು ಎಷ್ಟು ಅಂತ ಹಿಡಿಯೋದು?

ಪ್ರಶ್ನೆ

ನನಗೆ 34 ವರ್ಷ, ಎತ್ತರ 160 ಸೆಂ.ಮೀ., ತೂಕ 70 ಕೆಜಿ. ತೂಕ ಇಳಿಸೋಣ ಅಂತ ಕ್ಯಾಲೊರಿ ಲೆಕ್ಕ ಇಡೋಕೆ ಹೊರಟಿದ್ದೇನೆ. ಆ್ಯಪ್ ಮೊದಲಿಗೇ ಕೇಳುತ್ತದೆ: ನೀವು ಸೆಡೆಂಟರಿನಾ (ಹೆಚ್ಚು ಹೊತ್ತು ಕೂತೇ ಇರುವವರಾ), ಲೈಟ್ಲಿ ಆ್ಯಕ್ಟಿವಾ (ಸ್ವಲ್ಪ ಓಡಾಟ), ಮಾಡರೇಟ್ಲಿ ಆ್ಯಕ್ಟಿವಾ (ಮಧ್ಯಮ ಓಡಾಟ)? ಬೆಳಗ್ಗೆಯಿಂದ ಸಂಜೆವರೆಗೆ ಕಂಪ್ಯೂಟರ್ ಮುಂದೆ ಕೂತಿರುತ್ತೇನೆ. ವಾರದಲ್ಲಿ ನಾಲ್ಕು ಸಂಜೆ ಒಂದೊಂದು ಗಂಟೆ ಜಿಮ್. ಮನೆಯಲ್ಲಿ ಅಡುಗೆ, ಗುಡಿಸೋದು, ಮಗುವಿನ ಹಿಂದೆ ಓಡಾಟ ಇದ್ದೇ ಇದೆ. ಒಂದೊಂದು ಆಯ್ಕೆಗೂ ಬೇರೆ ಬೇರೆ ಸಂಖ್ಯೆ ಬರುತ್ತಿದೆ. ಯಾವುದನ್ನು ಇಟ್ಟುಕೊಳ್ಳಲಿ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಉತ್ತರ 1

ಮೇಡಂ, ನಿಮ್ಮ ಸಂಖ್ಯೆಗಳನ್ನೇ ಇಟ್ಟುಕೊಂಡು ನೋಡೋಣ. ತುಂಬಾ ಆ್ಯಪ್‌ಗಳು ಬಳಸೋದು 1990ರಲ್ಲಿ ಬಂದ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ. ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಬೇಕು. ಅದರಲ್ಲಿ ವಯಸ್ಸಿನ 5 ಪಟ್ಟು ಕಳೆದು, ಹೆಂಗಸರಾದರೆ ಇನ್ನೂ 161 ಕಳೆಯಬೇಕು. (ಗಂಡಸರಾದರೆ 161 ಕಳೆಯುವ ಬದಲು 5 ಕೂಡಿಸಬೇಕು.) ನಿಮಗೆ ಬರೋದು 1369. ದಿನವಿಡೀ ಸುಮ್ನೆ ಮಲಗಿದ್ದರೂ ದೇಹಕ್ಕೆ ಬೇಕಾಗುವ ಕ್ಯಾಲೊರಿ ಇದು.

ಇದನ್ನು ಸೆಡೆಂಟರಿ ಅಂದರೆ 1.2ರಿಂದ, ಲೈಟ್ಲಿ ಅಂದರೆ 1.375ರಿಂದ, ಮಾಡರೇಟ್ಲಿ ಅಂದರೆ 1.55ರಿಂದ ಗುಣಿಸುತ್ತಾರೆ. ನಿಮಗೆ ಕ್ರಮವಾಗಿ 1643, 1882, 2122 ಬರುತ್ತದೆ. ಮೊದಲನೆಯದಕ್ಕೂ ಕೊನೆಯದಕ್ಕೂ 479 ಕ್ಯಾಲೊರಿ ವ್ಯತ್ಯಾಸ! ತೂಕ ಇಳಿಸೋಕೆ ದಿನಕ್ಕೆ 500 ಕಡಿಮೆ ತಿನ್ನಿ ಅಂತಾರಲ್ಲ, ಒಂದು ಆಯ್ಕೆ ತಪ್ಪಿದರೆ ಅಷ್ಟೂ ಅಲ್ಲೇ ಮುಗಿದುಹೋಗುತ್ತದೆ.

'ವಾರಕ್ಕೆ 3ರಿಂದ 5 ದಿನ ವ್ಯಾಯಾಮ' ಅಂತ ಬರೆದಿರೋದನ್ನು ನೋಡಿ ಹೆಚ್ಚಿನವರು ಮಾಡರೇಟ್ಲಿ ಒತ್ತುತ್ತಾರೆ. ಆದರೆ ಜಿಮ್ ಒಂದೇ ಗಂಟೆ. ಉಳಿದ 23 ಗಂಟೆ ಹೇಗೆ ಕಳೆಯುತ್ತದೆ ಅನ್ನೋದೇ ಇಲ್ಲಿ ಮುಖ್ಯ.

ಜಿಮ್‌ನ ಪಾಲನ್ನು ಬೇರೆಯಾಗಿ ಅಳೆಯಬಹುದು. ಮೆಟ್ ಅನ್ನೋ ಅಳತೆ ಇದೆ. 1 ಮೆಟ್ ಅಂದರೆ ಸುಮ್ಮನೆ ಕೂತಾಗ ಆಗುವ ಖರ್ಚು, ಗಂಟೆಗೆ ಪ್ರತಿ ಕೆಜಿಗೆ ಸುಮಾರು 1 ಕ್ಯಾಲೊರಿ. ನಡುವಿನ ಬಿಡುವೂ ಸೇರಿ ನಿಮ್ಮ ಜಿಮ್ 5 ಮೆಟ್ ಅಂತ ಹಿಡಿಯಿರಿ. ಗಂಟೆಗೆ 350 ಆಯಿತು. ಅದರಲ್ಲಿ 70 ಕೂತಿದ್ದರೂ ಖರ್ಚಾಗುತ್ತಿತ್ತು, ಹಾಗಾಗಿ ನಿಜವಾಗಿ ಹೆಚ್ಚಿಗೆ ಆಗಿದ್ದು 280. ವಾರಕ್ಕೆ ನಾಲ್ಕು ಸಲ, 1120. ಏಳು ದಿನಕ್ಕೆ ಹಂಚಿದರೆ ದಿನಕ್ಕೆ 160. 1643ಕ್ಕೆ ಸೇರಿಸಿದರೆ 1800ರ ಆಸುಪಾಸು. ನಾನಾದರೆ ಇಲ್ಲಿಂದ ಶುರು ಮಾಡುತ್ತೇನೆ, 2122ರಿಂದ ಖಂಡಿತ ಅಲ್ಲ.

ಉತ್ತರ 2

ಮೇಲಿನವರ ಮಾತು ಕೂತು ಕೆಲಸ ಮಾಡುವವರಿಗೆ ಸರಿ. ನಾನು ಆಸ್ಪತ್ರೆಯಲ್ಲಿ ನರ್ಸ್. ಜಿಮ್ ಮುಖ ನೋಡಿಲ್ಲ, ಆದರೆ ಡ್ಯೂಟಿಯ ಅಷ್ಟೂ ಹೊತ್ತು ಕಾಲ ಮೇಲೇ ಇರುತ್ತೇನೆ. ರೋಗಿಯನ್ನು ಮಗ್ಗುಲು ತಿರುಗಿಸೋದು, ಎತ್ತಿ ಕೂರಿಸೋದು, ವಾರ್ಡಿನ ಈ ತುದಿಯಿಂದ ಆ ತುದಿಗೆ ಓಡೋದು. ಆ್ಯಪ್ 'ವ್ಯಾಯಾಮ ಮಾಡ್ತೀರಾ' ಅಂತ ಕೇಳಿದರೆ ಇಲ್ಲ ಅಂತಲೇ ಹೇಳಬೇಕು. ಹಾಗಂತ ಸೆಡೆಂಟರಿ ಅಂತ ಹಾಕಿಕೊಂಡರೆ ಮಧ್ಯಾಹ್ನವೇ ಕೈಕಾಲು ಸೋಲುತ್ತದೆ. ನನಗೆ ಹೊಂದಿದ್ದು 1.55ರ ಹತ್ತಿರದ ಲೆಕ್ಕ.

ವ್ಯಾಯಾಮ ಅಂತ ಹೆಸರಿಲ್ಲದ ಈ ಓಡಾಟಕ್ಕೆ ನೀಟ್ ಅಂತಾರೆ. ಮೇಯೊ ಕ್ಲಿನಿಕ್‌ನ ಜೇಮ್ಸ್ ಲೆವಿನ್ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಒಂದೇ ಗಾತ್ರದ ಇಬ್ಬರ ನಡುವೆ ಇದೊಂದರಲ್ಲೇ ದಿನಕ್ಕೆ 2000 ಕ್ಯಾಲೊರಿಯವರೆಗೂ ವ್ಯತ್ಯಾಸ ಇರಬಹುದು ಅಂತ ಅವರು ಬರೆದಿದ್ದಾರೆ. ಹಾಗಾಗಿ ಅಡುಗೆ, ಗುಡಿಸೋದು, ಮಗುವಿನ ಹಿಂದಿನ ಓಡಾಟವನ್ನು ಲೆಕ್ಕಕ್ಕಿಲ್ಲ ಅಂತ ಬಿಡಬೇಡಿ ಅಕ್ಕ. ದಿನಕ್ಕೆ ಎಷ್ಟು ಗಂಟೆ ನಿಂತಿರುತ್ತೀರಿ ಅಂತ ಒಂದು ವಾರ ಬರೆದಿಡಿ. ಆಯ್ಕೆ ಸುಲಭ ಆಗುತ್ತದೆ.

ಉತ್ತರ 3

ವಾಚ್ ಕಟ್ಟಿಕೊಂಡರೆ ಎಲ್ಲಾ ಗೊತ್ತಾಗುತ್ತೆ ಅಂತ ಯಾರಾದರೂ ಹೇಳುವ ಮುಂಚೆ ಒಂದು ಮಾತು. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಕೈಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿದರು. ಹೃದಯ ಬಡಿತವನ್ನು ಹೆಚ್ಚಿನವು ಚೆನ್ನಾಗಿಯೇ ಹೇಳಿದವು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯದೇ ಸರಾಸರಿ ಶೇ 27ರಷ್ಟು ತಪ್ಪು ಹೇಳಿತು. ಎಲ್ಲಕ್ಕಿಂತ ಹಿಂದಿದ್ದದ್ದು ಶೇ 93ರಷ್ಟು. ನಾನೂ ವಾಚ್ ಕಟ್ಟುತ್ತೇನೆ, ಆದರೆ ಹೆಜ್ಜೆ ಎಣಿಸೋಕೆ ಮಾತ್ರ. ಹೋದ ವಾರಕ್ಕಿಂತ ಈ ವಾರ ಜಾಸ್ತಿ ನಡೆದೆನಾ ಕಡಿಮೆನಾ ಅಂತ ನೋಡೋಕೆ ಅಷ್ಟು ಸಾಕು.

ಉತ್ತರ 4

ಯಾವ ಮಟ್ಟ ಆರಿಸಿದರೂ ಅದು ಅಂದಾಜೇ. ನಿಜವಾದ ಸಂಖ್ಯೆ ನಿಮ್ಮ ತೂಕದಿಂದಲೇ ಹೊರಗೆ ಬರಬೇಕು. ನಾನು ಮಾಡೋದು ಹೀಗೆ: ಬೆಳಗ್ಗೆ ಎದ್ದು, ಶೌಚಕ್ಕೆ ಹೋಗಿ ಬಂದ ಮೇಲೆ, ನೀರೂ ಕುಡಿಯುವ ಮುಂಚೆ ತೂಕ ನೋಡುತ್ತೇನೆ. ಅದೇ ಯಂತ್ರ, ಅದೇ ಜಾಗ. ಪಕ್ಕದಲ್ಲೇ ನೋಟ್‌ಬುಕ್ ಇದೆ, ಬರೆದು ಮರೆತುಬಿಡುತ್ತೇನೆ. ಒಂದು ದಿನ 70.4, ಮರುದಿನ 69.8, ಅದರ ಮರುದಿನ 70.9 ಬಂದರೂ ತಲೆ ಕೆಡಿಸಿಕೊಳ್ಳೋದಿಲ್ಲ. ಉಪ್ಪು, ನಿದ್ದೆ, ಮುಟ್ಟಿನ ದಿನ, ಎಲ್ಲದಕ್ಕೂ ಮೈಯಲ್ಲಿ ನೀರು ಏರಿಳಿಯುತ್ತದೆ. ವಾರದ ಸರಾಸರಿ ಮಾತ್ರ ನೋಡಿ. ಮೊದಲ ವಾರವನ್ನು ಲೆಕ್ಕದಿಂದ ಬಿಡಿ, ಆಗ ಇಳಿಯೋದರಲ್ಲಿ ನೀರೇ ಜಾಸ್ತಿ.

ಆಮೇಲೆ ನಾಲ್ಕು ವಾರದ ಲೆಕ್ಕ. ನೀವು ದಿನಕ್ಕೆ ಸರಾಸರಿ 1450 ತಿಂದು, ಸರಾಸರಿ ತೂಕ 1.2 ಕೆಜಿ ಇಳಿಯಿತು ಅಂತಿಟ್ಟುಕೊಳ್ಳಿ. ಒಂದು ಕೆಜಿ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ. ಒಟ್ಟು 9240, ಅದನ್ನು 28 ದಿನಕ್ಕೆ ಭಾಗಿಸಿದರೆ 330. ಅಂದರೆ ನಿಮ್ಮ ದಿನದ ಖರ್ಚು 1780. 1369ರಿಂದ ಭಾಗಿಸಿ, 1.3 ಬರುತ್ತದೆ. ಆ್ಯಪ್‌ನ ಪಟ್ಟಿಯಲ್ಲಿ ಇಲ್ಲದ, ನಿಮ್ಮದೇ ಆದ ಸಂಖ್ಯೆ ಇದು.

ಇದಕ್ಕೆ ಒಂದು ಷರತ್ತು ಇದೆ, ತಿಂದಿದ್ದನ್ನು ಸರಿಯಾಗಿ ಬರೆದಿರಬೇಕು. ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಅನ್ನುತ್ತಿದ್ದವರ ಮೇಲೆ 1992ರಲ್ಲಿ ಒಂದು ಅಧ್ಯಯನ ಬಂತು. ಅವರು ತಿಂದಿದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆ, ಓಡಾಟವನ್ನು ಶೇ 51ರಷ್ಟು ಜಾಸ್ತಿ ಹೇಳಿದ್ದರು. ಬೇಕಂತ ಮಾಡಿದ್ದಲ್ಲ, ಕಣ್ಣಂದಾಜು ಎಲ್ಲರಿಗೂ ಹಾಗೇ ಇರುತ್ತದೆ. ಎಣ್ಣೆಯನ್ನು ಮಾತ್ರ ಅಳೆದೇ ಹಾಕಿ. ಒಂದು ದೊಡ್ಡ ಚಮಚಕ್ಕೇ 120 ಕ್ಯಾಲೊರಿ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್. 1800 ಅಂತ ಹಿಡಿದು, ದಿನಕ್ಕೆ 1450 ತಿನ್ನುತ್ತೇನೆ. ಜಿಮ್ ಇದ್ದ ದಿನ ಅಲ್ಲಿ ಖರ್ಚಾದಷ್ಟನ್ನು ಜಾಸ್ತಿ ತಿನ್ನಬಹುದಾ?

ಉತ್ತರ 4

ಬೇಡ. ಆ 1800ರಲ್ಲಿ ಜಿಮ್ ಆಗಲೇ ಸೇರಿದೆ, ಮತ್ತೆ ತಿಂದರೆ ಎರಡು ಸಲ ಎಣಿಸಿದ ಹಾಗೆ. ಜಿಮ್ ದಿನ ತುಂಬಾ ಹಸಿವಾಗುತ್ತೆ ಅನ್ನುವುದಾದರೆ ವಾರದ ಒಟ್ಟು 10,150 ಕ್ಯಾಲೊರಿಯನ್ನೇ ಹಂಚಿಕೊಳ್ಳಿ. ಜಿಮ್ ದಿನ 1550, ಉಳಿದ ಮೂರು ದಿನ 1315ರ ಹತ್ತಿರ. ಡಾಕ್ಟರ್ ಹೇಳದೆ 1200ಕ್ಕಿಂತ ಕೆಳಗೆ ಯಾವ ದಿನವೂ ಹೋಗಬೇಡಿ. ಮಗುವಿಗೆ ಇನ್ನೂ ಹಾಲುಣಿಸುತ್ತಿದ್ದರೆ ಈ ಲೆಕ್ಕ ಯಾವುದೂ ನಿಮಗೆ ಹೊಂದುವುದಿಲ್ಲ, ಮೊದಲು ಡಾಕ್ಟರ್ ಹತ್ತಿರ ಮಾತಾಡಿ. ತೂಕ ನಾಲ್ಕೈದು ಕೆಜಿ ಇಳಿದ ಮೇಲೆ ಸೂತ್ರಕ್ಕೆ ಹೊಸ ತೂಕ ಹಾಕಿ ಮತ್ತೆ ಲೆಕ್ಕ ಮಾಡಿ. ಮೈ ಹಗುರಾದಷ್ಟೂ ಖರ್ಚು ಇಳಿಯುತ್ತದೆ, ಕಡಿಮೆ ತಿನ್ನುವಾಗ ಗೊತ್ತಿಲ್ಲದೆ ಓಡಾಟವೂ ತಗ್ಗಬಹುದು. ಹೆಜ್ಜೆ ಎಣಿಕೆ ಇಳಿಯುತ್ತಿದೆಯಾ ಅಂತ ಆಗ ವಾಚ್ ನೋಡಿ.